ಮೈಕೇಲ್ ಫ್ಯಾರಡೆ

ಮೈಸೂರು ಜಿಲ್ಲೆಯ ನಂಜನಗೂಡು ತಾಲ್ಲೂಕಿನಲ್ಲಿ ಹೆಡತಲೆ ಎಂಬ ಗ್ರಾಮವಿದೆ. ಹೊಯ್ಸಳರ ಕಾಲದ ಲಕ್ಷ್ಮೀಕಾಂತ ದೇವಾಲಯದಿಂದ ಈ ಊರು ಹೆಸರಾಗಿದೆ. ಸಂಜೆಯಾಯಿತೆಂದರೆ ಸುತ್ತಣ ಊರುಗಳಂತೆ ಇಲ್ಲಿಯೂ ಮನೆಮನೆಯಲ್ಲಿ ವಿದ್ಯುದ್ದೀಪಗಳು ಬೆಳಗುತ್ತವೆ. ನಂಜನಗೂಡಿನ ಪಕ್ಕದಲ್ಲಿ ಹರಿಯುವ ಕಪಿಲಾ ನದಿಯು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡಿಕೊಳ್ಳುತ್ತದೆ. ಕೂಡಿದ ಆ ನೀರು ಮುಂದೆ ಶಿವನಸಮುದ್ರದಲ್ಲಿ ಜಲಪಾತವಾಗಿ ಧುಮುಕುತ್ತದೆ. 1902ರಲ್ಲಿ ಅಲ್ಲಿ ಜಲವಿದ್ಯುತ್ ಕೇಂದ್ರ ಸ್ಥಾಪನೆಯಾಗಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಬೀಳುವ ನೀರು ಚಕ್ರವನ್ನು ತಿರುಗಿಸುತ್ತದೆ. ಚಕ್ರವು ತಿರುಗಿದಂತೆ ಅಯಸ್ಕಾಂತವೂ ತಂತಿಯ ಸುರುಳಿಯೂ ಒಂದರ ಎದುರು ಒಂದು ಚಲಿಸುತ್ತವೆ. ಆಗ ತಂತಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ.

ಈ ತತ್ತ್ವವನ್ನು 1831ರಲ್ಲಿ ಕಂಡುಹಿಡಿದವನು ಒಬ್ಬ ಕಮ್ಮಾರನ ಮಗ. ಅವನೇ ಮೈಕೇಲ್ ಫ್ಯಾರಡೆ. ಅವನ ತತ್ತ್ವದಿಂದ ನಮ್ಮ ಮನೆಗಳು ಬೆಳಕಾದುದು ಎಲ್ಲರಿಗೂ ತಿಳಿದ ವಿಷಯ. ಅದೇ ತತ್ತ್ವವು ಇಂದು ಆಸ್ಪತ್ರೆಗಳಲ್ಲಿ, ಖಿನ್ನತೆಯೆಂಬ ಕಾಯಿಲೆಯಿಂದ ನರಳುವವರ ಮಿದುಳನ್ನು ಎಚ್ಚರಿಸಲು ಬಳಕೆಯಾಗುತ್ತಿರುವುದನ್ನು ತಿಳಿದವರು ಕಡಮೆ. ಫ್ಯಾರಡೆಯು ಜಗತ್ತಿಗೆ ಕೊಟ್ಟುದು ಒಂದು ತತ್ತ್ವವನ್ನು ಮಾತ್ರವಲ್ಲ. ಸತ್ಯವನ್ನು ಪರೀಕ್ಷಿಸುವ ಒಂದು ನಡತೆಯನ್ನೂ ಕೊಟ್ಟನು. ಈ ಚಿಕಿತ್ಸೆಗೆ ಅವೆರಡೂ ಬೇಕಾಗಿವೆ.

ಮೈಕೇಲ್ ಫ್ಯಾರಡೆಯು 1791ನೆಯ ಇಸವಿ ಸೆಪ್ಟೆಂಬರ್ 22ರಂದು ಲಂಡನ್ನಿನ ದಕ್ಷಿಣಕ್ಕಿರುವ ನ್ಯೂಯಿಂಗ್‌ಟನ್ ಎಂಬಲ್ಲಿ ಜನಿಸಿದನು. ತಂದೆ ಜೇಮ್ಸ್ ಕಮ್ಮಾರ, ತಾಯಿ ಮಾರ್ಗರೆಟ್. ತಂದೆಯ ಆರೋಗ್ಯ ಸರಿಯಿರಲಿಲ್ಲ. ಕುಲುಮೆಯ ಕೆಲಸವು ದಿನವೂ ನಡೆಯುತ್ತಿರಲಿಲ್ಲ. ನಾಲ್ವರು ಮಕ್ಕಳಿದ್ದ ಆ ಸಂಸಾರದಲ್ಲಿ ಬಡತನವು ನಿತ್ಯದ ಅತಿಥಿಯಾಗಿತ್ತು. 1801ರಲ್ಲಿ ಧಾನ್ಯದ ಬೆಲೆ ಏರಿದಾಗ, ಬಾಲಕ ಮೈಕೇಲನ ಪಾಲಿಗೆ ವಾರಕ್ಕೆ ಒಂದು ರೊಟ್ಟಿ ಮಾತ್ರ ದೊರೆಯುತ್ತಿತ್ತು. ಶಾಲೆಯಲ್ಲಿ ಅವನು ಕಲಿತದ್ದು ಓದು, ಬರೆಹ, ಲೆಕ್ಕಗಳ ಮೊದಲ ಪಾಠಗಳಷ್ಟೆ.

ಹದಿಮೂರನೆಯ ವಯಸ್ಸಿನಲ್ಲಿ ಅವನು ಜಾರ್ಜ್ ರೀಬೋ ಎಂಬ ಪುಸ್ತಕ ವ್ಯಾಪಾರಿಯ ಅಂಗಡಿಗೆ ಸೇರಿದನು. ಮೊದಲು ಮನೆಮನೆಗೆ ವೃತ್ತಪತ್ರಿಕೆಗಳನ್ನು ಹಂಚುವುದು ಅವನ ಕೆಲಸವಾಗಿತ್ತು. ಮರುವರ್ಷ, ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸವನ್ನು ಏಳು ವರ್ಷಗಳ ಕಾಲ ಕಲಿಯಲು ಅಲ್ಲಿಯೇ ನಿಂತನು. ರಟ್ಟು ಕಟ್ಟಲು ಬಂದ ಪುಸ್ತಕಗಳ ಹೊರಮೈಯನ್ನು ಅಂದಗೊಳಿಸುವುದಷ್ಟೇ ಉಳಿದವರ ಕೆಲಸವಾಗಿದ್ದರೆ, ಮೈಕೇಲನು ಅವುಗಳ ಒಳಗನ್ನೂ ನೋಡಿದನು. ವಿಶ್ವಕೋಶವೊಂದರ ಸಂಪುಟದಲ್ಲಿ ವಿದ್ಯುತ್ತಿನ ವಿಷಯವಾಗಿ ಬರೆದ ಲೇಖನವು ಅವನ ಮನಸ್ಸನ್ನು ಸೆಳೆಯಿತು. ಜೇನ್ ಮಾರ್ಸೆಟ್ ಎಂಬ ಮಹಿಳೆ ಬರೆದ ರಸಾಯನಶಾಸ್ತ್ರದ ಪುಸ್ತಕವನ್ನು ಓದಿ ಅವನು ಅಷ್ಟಕ್ಕೇ ತೃಪ್ತನಾಗಲಿಲ್ಲ. ಅದರಲ್ಲಿ ಹೇಳಿದ್ದು ನಿಜವೇ ಎಂಬುದನ್ನು, ತನ್ನ ಕೈಗೆಟುಕಿದ ಸಣ್ಣಪುಟ್ಟ ಸಾಮಗ್ರಿಗಳಿಂದ ತಾನೇ ಪ್ರಯೋಗ ಮಾಡಿ ನೋಡಿದನು. ಓದಿದ್ದನ್ನು ಒರೆಗೆ ಹಚ್ಚಿ ನೋಡುವ ಈ ಅಭ್ಯಾಸವೇ ಮುಂದೆ ಅವನ ಬಾಳಿನ ದಾರಿಯಾಯಿತು.

ಆ ದಿನಗಳಲ್ಲಿ ಲಂಡನ್ನಿನಲ್ಲಿ ಸಂಜೆಯ ಹೊತ್ತು ವಿಜ್ಞಾನದ ಉಪನ್ಯಾಸಗಳು ನಡೆಯುತ್ತಿದ್ದುವು. ಪ್ರವೇಶಕ್ಕೆ ಒಂದು ಷಿಲಿಂಗ್ ಕೊಡಬೇಕಾಗಿತ್ತು. ಕಮ್ಮಾರನಾಗಿದ್ದ ಅಣ್ಣ ರಾಬರ್ಟನು ತನ್ನ ದುಡಿಮೆಯಿಂದ ಆ ಹಣವನ್ನು ತಮ್ಮನಿಗೆ ಕೊಡುತ್ತಿದ್ದನು. 1812ರಲ್ಲಿ ಅಂಗಡಿಗೆ ಬಂದ ಗಿರಾಕಿಯೊಬ್ಬನು, ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿಯು ಮಾಡಲಿದ್ದ ನಾಲ್ಕು ಉಪನ್ಯಾಸಗಳಿಗೆ ಅವನಿಗೆ ಪ್ರವೇಶಪತ್ರ ಕೊಡಿಸಿದನು. ಡೇವಿಯು ಅಂದು ಇಂಗ್ಲೆಂಡಿನ ಬಹು ಪ್ರಸಿದ್ಧ ರಸಾಯನ ವಿಜ್ಞಾನಿ. ಫ್ಯಾರಡೆಯು ಆ ಉಪನ್ಯಾಸಗಳನ್ನು ಮನಸ್ಸಿಟ್ಟು ಕೇಳಿ, ವಿವರವಾಗಿ ಬರೆದು, ಚಿತ್ರಗಳನ್ನು ಬಿಡಿಸಿ, ತನ್ನ ಕೈಯಿಂದಲೇ ರಟ್ಟು ಕಟ್ಟಿ, ಕೆಲಸ ಕೇಳಿಕೊಂಡು ಡೇವಿಗೆ ಕಳುಹಿಸಿದನು. 1813ನೆಯ ಮಾರ್ಚ್ 1ರಂದು ಪ್ರಯೋಗಶಾಲೆಯ ಸಹಾಯಕನಾಗಿ ಅವನ ನೇಮಕವಾಯಿತು. ವಾರಕ್ಕೆ 25 ಷಿಲಿಂಗ್ ಸಂಬಳ. ವಾಸಕ್ಕೆ ಮಾಳಿಗೆಯ ಮೇಲೆ ಎರಡು ಕೋಣೆಗಳು. ಬಾಟಲಿಗಳನ್ನು ತೊಳೆಯುವುದರಿಂದ ಅವನ ವಿಜ್ಞಾನ ಜೀವನ ಮೊದಲಾಯಿತು.

ಅದೇ ವರ್ಷ ಡೇವಿಯು ಯೂರೋಪಿನ ಪ್ರವಾಸಕ್ಕೆ ಹೊರಟಾಗ ಫ್ಯಾರಡೆಯನ್ನು ಜೊತೆಗೆ ಕರೆದುಕೊಂಡು ಹೋದನು. ಪ್ರವಾಸದಲ್ಲಿ ಅವನು ಸೇವಕನ ಕೆಲಸವನ್ನೂ ಮಾಡಬೇಕಾಯಿತು. ಡೇವಿಯ ಪತ್ನಿಯು ಅವನನ್ನು ಆಳಿನಂತೆ ಕಂಡಳು. ಅವಮಾನವನ್ನು ನುಂಗಿಕೊಂಡು ಅವನು ಕಲಿಯುವುದನ್ನು ಬಿಡಲಿಲ್ಲ. ಆಂಪೇರ್, ವೋಲ್ಟಾ ಮೊದಲಾದ ಮಹಾವಿಜ್ಞಾನಿಗಳನ್ನು ಕಣ್ಣಾರೆ ಕಂಡು, 1815ರಲ್ಲಿ ಸ್ವದೇಶಕ್ಕೆ ಮರಳಿದನು.

1820ರಲ್ಲಿ ಡೆನ್ಮಾರ್ಕಿನ ಅರ್ಸ್ಟೆಡ್ ಎಂಬ ವಿಜ್ಞಾನಿಯು, ವಿದ್ಯುತ್ತು ಹರಿಯುವ ತಂತಿಯ ಬಳಿ ದಿಕ್ಸೂಚಿಯ ಸೂಜಿ ತಿರುಗುವುದನ್ನು ಕಂಡನು. ವಿದ್ಯುತ್ತಿನಿಂದ ಕಾಂತಶಕ್ತಿ ಉಂಟಾಗುವುದೆಂದು ಇದರಿಂದ ತಿಳಿಯಿತು. ಮರುವರ್ಷ ಫ್ಯಾರಡೆಯು ಅಯಸ್ಕಾಂತದ ಸುತ್ತ ವಿದ್ಯುತ್ತಿನ ತಂತಿಯು ತಾನಾಗಿ ಸುತ್ತುವ ಸಾಧನವನ್ನು ರಚಿಸಿದನು. ಇಂದಿನ ವಿದ್ಯುತ್ ಮೋಟಾರುಗಳಿಗೆಲ್ಲ ಅದು ಮೂಲ. ಅದೇ 1821ರಲ್ಲಿ ಅವನು ಸಾರಾ ಬರ್ನಾರ್ಡ್ ಎಂಬವಳನ್ನು ಮದುವೆಯಾದನು.

ವಿದ್ಯುತ್ತಿನಿಂದ ಕಾಂತಶಕ್ತಿ ಹುಟ್ಟುವುದಾದರೆ, ಕಾಂತಶಕ್ತಿಯಿಂದ ವಿದ್ಯುತ್ತು ಏಕೆ ಹುಟ್ಟಬಾರದು? ಈ ಪ್ರಶ್ನೆ ಅವನ ಮನಸ್ಸಿನಲ್ಲಿ ಹತ್ತು ವರ್ಷ ಉಳಿಯಿತು. ನಡುನಡುವೆ ಮಾಡಿದ ಪ್ರಯೋಗಗಳೆಲ್ಲ ವಿಫಲವಾದುವು. ಬಲವಾದ ಅಯಸ್ಕಾಂತವನ್ನು ತಂತಿಯ ಬಳಿ ಇಟ್ಟು ಕಾಯ್ದರೂ ತಂತಿಯಲ್ಲಿ ಏನೂ ಕಾಣಿಸಲಿಲ್ಲ. 1831ನೆಯ ಆಗಸ್ಟ್ 29ರಂದು ಅವನು ಆರು ಅಂಗುಲ ವ್ಯಾಸದ ಮೆದುಕಬ್ಬಿಣದ ಬಳೆಯೊಂದನ್ನು ತೆಗೆದುಕೊಂಡು, ಅದರ ಎರಡು ಪಾರ್ಶ್ವಗಳಲ್ಲಿ ಬೇರೆಬೇರೆಯಾಗಿ ತಾಮ್ರದ ತಂತಿಯನ್ನು ಸುತ್ತಿದನು. ಒಂದು ಸುರುಳಿಯನ್ನು ವಿದ್ಯುತ್ಕೋಶಕ್ಕೆ ಜೋಡಿಸಿದ ಕ್ಷಣದಲ್ಲಿ, ಇನ್ನೊಂದು ಸುರುಳಿಯ ಬಳಿಯಿದ್ದ ಸೂಜಿ ಅಲುಗಿ, ಮತ್ತೆ ಸ್ವಸ್ಥಾನಕ್ಕೆ ಬಂದು ನಿಂತಿತು. ವಿದ್ಯುತ್ತು ಹರಿಯುತ್ತಿರುವವರೆಗೂ ಅದು ಅಲುಗಲಿಲ್ಲ. ಜೋಡಣೆಯನ್ನು ಕಿತ್ತ ಕ್ಷಣದಲ್ಲಿ ಮತ್ತೊಮ್ಮೆ, ಈ ಬಾರಿ ವಿರುದ್ಧ ದಿಕ್ಕಿಗೆ, ಅಲುಗಿತು. ಅಕ್ಟೋಬರ್ 17ರಂದು ಪೊಳ್ಳಾದ ತಂತಿಯ ಸುರುಳಿಯೊಳಕ್ಕೆ ಅಯಸ್ಕಾಂತದ ಕಂಬಿಯನ್ನು ತಟ್ಟನೆ ನುಗ್ಗಿಸಿದಾಗಲೂ, ಹೊರಕ್ಕೆ ಎಳೆದಾಗಲೂ ಸೂಜಿ ಹಾಗೆಯೇ ಅಲುಗಿತು.

ರಹಸ್ಯವು ಬಯಲಾಯಿತು. ಸುಮ್ಮನೆ ನಿಂತ ಕಾಂತಶಕ್ತಿಯು ವಿದ್ಯುತ್ತನ್ನು ಹುಟ್ಟಿಸುವುದಿಲ್ಲ. ಬದಲಾಗುವ ಕಾಂತಶಕ್ತಿಯೇ ವಿದ್ಯುತ್ತನ್ನು ಹುಟ್ಟಿಸುತ್ತದೆ. ಇದಕ್ಕೆ ವಿದ್ಯುತ್ಕಾಂತೀಯ ಪ್ರೇರಣೆ ಎಂದು ಹೆಸರು. ಇದೇ ಪ್ರಯೋಗವನ್ನು ಕೆಲವು ವರ್ಷಗಳ ಹಿಂದೆ ಸ್ವಿಟ್ಸರ್ಲೆಂಡಿನ ಕೊಲಾಡನ್ ಎಂಬವನೂ ಮಾಡಿದ್ದನು. ಅಯಸ್ಕಾಂತದ ಪ್ರಭಾವ ಸೂಜಿಗೆ ತಗುಲದಿರಲೆಂದು ಅವನು ಸೂಜಿಯನ್ನು ಪಕ್ಕದ ಕೋಣೆಯಲ್ಲಿ ಇಟ್ಟಿದ್ದನು. ಅಯಸ್ಕಾಂತವನ್ನು ಸುರುಳಿಯೊಳಗಿಟ್ಟು ಅವನು ಅಲ್ಲಿಗೆ ನಡೆದು ಹೋಗಿ ನೋಡುವಷ್ಟರಲ್ಲಿ ಸೂಜಿ ಅಲುಗಿ ನಿಂತುಬಿಟ್ಟಿರುತ್ತಿತ್ತು. ಕ್ಷಣಮಾತ್ರ ತೋರಿ ಮರೆಯಾಗುವುದನ್ನು ಕಾಣಲು ಕಣ್ಣು ಅಲ್ಲಿಯೇ ಇರಬೇಕು. ಫ್ಯಾರಡೆಯ ಕಣ್ಣು ಅಲ್ಲಿಯೇ ಇದ್ದಿತು.

ಆ ಬಳಿಕ ಅವನ ಸಾಧನೆಗಳು ಒಂದರ ಹಿಂದೆ ಒಂದು ಬಂದುವು. ವಿದ್ಯುದ್ವಿಭಜನೆಯ ನಿಯಮಗಳನ್ನು ಅವನು ನಿರೂಪಿಸಿದನು. ಕಾಂತಶಕ್ತಿಯು ಬೆಳಕಿನ ಮೇಲೂ ಪ್ರಭಾವ ಬೀರುವುದೆಂದು 1845ರಲ್ಲಿ ತೋರಿಸಿದನು. ಅವನಿಗೆ ಉನ್ನತ ಗಣಿತ ತಿಳಿದಿರಲಿಲ್ಲ; ಆ ಕೊರತೆಯನ್ನು ಕಲ್ಪನೆಯಿಂದಲೂ ಪ್ರಯೋಗದಿಂದಲೂ ತುಂಬಿಕೊಂಡನು. ದಿನದಿನದ ಪ್ರಯೋಗಗಳನ್ನು ಅವನು ದಿನಚರಿಯಲ್ಲಿ ಕ್ರಮಸಂಖ್ಯೆ ಕೊಟ್ಟು ಬರೆದಿಡುತ್ತಿದ್ದನು. ಆ ಸಂಖ್ಯೆ ಹದಿನಾರು ಸಾವಿರವನ್ನು ಮೀರಿದೆ. ಗೆಲವುಗಳಂತೆಯೇ ಸೋಲುಗಳೂ ಅದರಲ್ಲಿ ದಾಖಲಾಗಿವೆ. ಗುರುತ್ವಕ್ಕೂ ವಿದ್ಯುತ್ತಿಗೂ ಸಂಬಂಧವಿದೆಯೆಂದು ಅವನು ಬಲವಾಗಿ ನಂಬಿದ್ದನು. ಪ್ರಯೋಗವು ಅದನ್ನು ತೋರಿಸಲಿಲ್ಲ. ತೋರಿಸಲಿಲ್ಲವೆಂದೇ ಬರೆದು ಪ್ರಕಟಿಸಿದನು.

ಸುಮಾರು 1840ರ ಹೊತ್ತಿಗೆ ಅವನ ದೇಹಸ್ಥಿತಿ ಕೆಟ್ಟಿತು. ತಲೆಸುತ್ತು, ತಲೆನೋವು, ಮರೆವುಗಳು ಅವನನ್ನು ಕಾಡಿದುವು. ಹಲವು ತಿಂಗಳು ಪ್ರಯೋಗಶಾಲೆಯಿಂದ ದೂರವಿರಬೇಕಾಯಿತು. 1841ರಲ್ಲಿ ಪತ್ನಿಯೊಡನೆ ಸ್ವಿಟ್ಸರ್ಲೆಂಡಿಗೆ ಹೋಗಿ ಬೆಟ್ಟಗಳ ನಡುವೆ ದೀರ್ಘ ವಿಶ್ರಾಂತಿ ಪಡೆದನು. ತಾನು ಮಾಡಿದ್ದನ್ನು ತಾನೇ ಮರೆಯುವ ದುಃಖವನ್ನು ಅವನು ಜೀವನದ ಕೊನೆಯವರೆಗೂ ಅನುಭವಿಸಿದನು. ಜಗತ್ತಿಗೆ ಅಷ್ಟು ಬೆಳಕನ್ನು ಕೊಟ್ಟ ಮಿದುಳೂ ಬಳಲುತ್ತದೆ. ದೇಹಕ್ಕೆ ಕಾಯಿಲೆ ಬರುವಂತೆ ಮಿದುಳಿಗೂ ಬರುತ್ತದೆ. ಅದು ಯಾರ ದೋಷವೂ ಅಲ್ಲ, ಯಾರಿಗೂ ನಾಚಿಕೆಯ ವಿಷಯವೂ ಅಲ್ಲ.

ಚೇತರಿಸಿಕೊಂಡ ಮೇಲೆ ಅವನು ಮಾಡಿದ ಒಂದು ವಿಚಿತ್ರ ಪರೀಕ್ಷೆಯನ್ನು ಇಲ್ಲಿ ಹೇಳಲೇಬೇಕು. 1853ರಲ್ಲಿ ಇಂಗ್ಲೆಂಡಿನಲ್ಲಿ ಮೇಜು ತಿರುಗಿಸುವ ಹುಚ್ಚು ಹಬ್ಬಿತ್ತು. ಹಲವರು ಮೇಜಿನ ಸುತ್ತ ಕುಳಿತು ಅದರ ಮೇಲೆ ಕೈಯಿರಿಸಿದರೆ, ಯಾರೂ ತಳ್ಳದೆಯೇ ಮೇಜು ತಿರುಗುತ್ತಿತ್ತಂತೆ. ಕೆಲವರು ಇದನ್ನು ಪ್ರೇತಗಳ ಕೆಲಸವೆಂದರು. ಕೆಲವರು ವಿದ್ಯುತ್ತೆಂದರು, ಕಾಂತಶಕ್ತಿಯೆಂದರು. ಫ್ಯಾರಡೆಯು ಅವರನ್ನು ಮೋಸಗಾರರೆಂದು ಕರೆಯಲಿಲ್ಲ. ಮೇಜಿನ ಮೇಲೆ ರಟ್ಟಿನ ಹಾಳೆಗಳನ್ನು ಒಂದರ ಮೇಲೊಂದು ಮೆದುವಾದ ಅಂಟಿನಿಂದ ಜೋಡಿಸಿದನು. ಕೈ ಮೊದಲು ಸರಿಯಿತೋ ಮೇಜು ಮೊದಲು ಸರಿಯಿತೋ ಎಂಬುದು ಆ ಹಾಳೆಗಳಿಂದ ತಿಳಿಯುವಂತಿತ್ತು. ಮೊದಲು ಸರಿದದ್ದು ಕೈಗಳೇ. ಕೈಯ ಅತಿ ಸಣ್ಣ ಚಲನೆಯನ್ನೂ ಎತ್ತಿ ತೋರಿಸುವ ಒಂದು ಕಡ್ಡಿಯನ್ನು ಅವನು ಅಳವಡಿಸಿದನು. ಕುಳಿತವರು ಆ ಕಡ್ಡಿಯನ್ನು ನೋಡುತ್ತಿರುವವರೆಗೂ ಮೇಜು ತಿರುಗಲೇ ಇಲ್ಲ. ಪ್ರಾಮಾಣಿಕರಾದ ಜನರೂ ತಮ್ಮ ನಿರೀಕ್ಷೆಯ ಒತ್ತಡದಿಂದ, ತಮಗೆ ತಿಳಿಯದಂತೆಯೇ ಮೇಜನ್ನು ತಳ್ಳುತ್ತಿದ್ದರು. ಮನಸ್ಸಿನ ಬಯಕೆಯು ಕೈಯನ್ನೂ ಕಣ್ಣನ್ನೂ ಮೋಸಗೊಳಿಸಬಲ್ಲದು. ಆದುದರಿಂದ ಸತ್ಯವನ್ನು ಅರಸುವವನು ತನ್ನ ಬಯಕೆಗೂ ಕಾವಲಿಡಬೇಕು ಎಂಬುದು ಇದರಿಂದ ಸಿದ್ಧವಾಯಿತು.

ಫ್ಯಾರಡೆಯ ಬಾಳು ಸರಳವಾಗಿತ್ತು. ತನ್ನ ಸಂಶೋಧನೆಗಳಿಂದ ಅಪಾರ ಹಣ ಗಳಿಸುವ ಅವಕಾಶವಿದ್ದರೂ ಅವನು ಅದರ ಕಡೆ ತಿರುಗಿ ನೋಡಲಿಲ್ಲ. ಸರ್ ಪದವಿಯನ್ನು ಬೇಡವೆಂದನು. ರಾಯಲ್ ಸೊಸೈಟಿಯ ಅಧ್ಯಕ್ಷತೆಯನ್ನು ಎರಡು ಬಾರಿ ನಿರಾಕರಿಸಿದನು. ಯುದ್ಧಕ್ಕಾಗಿ ವಿಷಾನಿಲವನ್ನು ತಯಾರಿಸಲು ನೆರವಾಗಬೇಕೆಂದು ಸರ್ಕಾರ ಕೇಳಿದಾಗ ಒಪ್ಪಲಿಲ್ಲ. ಆದರೆ ಮಕ್ಕಳಿಗೆ ವಿಜ್ಞಾನವನ್ನು ಹೇಳಿಕೊಡಲು ಎಂದೂ ಹಿಂದೆಗೆಯಲಿಲ್ಲ. ಕ್ರಿಸ್‌ಮಸ್ ಸಮಯದ ಉಪನ್ಯಾಸಮಾಲೆಯನ್ನು 1827ರಿಂದ 1860ರವರೆಗೆ ಹತ್ತೊಂಬತ್ತು ಬಾರಿ ನಡೆಸಿಕೊಟ್ಟನು. ಉರಿಯುವ ಒಂದು ಮೇಣದ ಬತ್ತಿಯನ್ನು ಮುಂದಿಟ್ಟುಕೊಂಡು ಅವನು ಮಾಡಿದ ಉಪನ್ಯಾಸಗಳು ಇಂದಿಗೂ ಪುಸ್ತಕರೂಪದಲ್ಲಿ ಓದುಗರನ್ನು ಆಕರ್ಷಿಸುತ್ತಿವೆ. 1867ನೆಯ ಆಗಸ್ಟ್ 25ರಂದು ಅವನು ಕುರ್ಚಿಯಲ್ಲಿ ಕುಳಿತಿದ್ದಂತೆಯೇ ಶಾಂತವಾಗಿ ಪ್ರಾಣಬಿಟ್ಟನು. ಮಹಾಪುರುಷರ ಸಮಾಧಿಗಳಿರುವ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ತನ್ನನ್ನು ಹೂಳುವುದು ಅವನಿಗೆ ಇಷ್ಟವಿರಲಿಲ್ಲ. ಲಂಡನ್ನಿನ ಹೈಗೇಟ್ ಸ್ಮಶಾನದಲ್ಲಿ, ಆಡಂಬರವಿಲ್ಲದ ಒಂದು ಕಲ್ಲಿನ ಅಡಿಯಲ್ಲಿ ಅವನು ಮಲಗಿದ್ದಾನೆ.

ಫ್ಯಾರಡೆಯು ತೀರಿಕೊಂಡನು, ಅವನ ತತ್ತ್ವವು ಹೊಸ ಹೊಸ ದಾರಿಗಳಲ್ಲಿ ಬೆಳೆಯಿತು. ನಮ್ಮ ಮಿದುಳಿನ ನರಕೋಶಗಳಲ್ಲಿ ಸಂದೇಶಗಳು ಹರಿಯುವುದು ಸೂಕ್ಷ್ಮವಾದ ವಿದ್ಯುತ್ತಿನ ಮೂಲಕ. ಹಾಗಾದರೆ ಬದಲಾಗುವ ಕಾಂತಶಕ್ತಿಯಿಂದ ತಂತಿಯಲ್ಲಿ ವಿದ್ಯುತ್ತು ಹುಟ್ಟುವಂತೆ ಮಿದುಳಿನಲ್ಲಿಯೂ ಹುಟ್ಟಿಸಬಹುದಲ್ಲವೆ? 1896ರಲ್ಲಿ ಫ್ರಾನ್ಸಿನ ಡಾರ್ಸೊನ್‌ವಾಲ್ ಎಂಬ ವಿಜ್ಞಾನಿಯು ದೊಡ್ಡ ಸುರುಳಿಯೊಂದರ ಒಳಗೆ ತಲೆಯನ್ನಿರಿಸಿ ವಿದ್ಯುತ್ತನ್ನು ಹಾಯಿಸಿದಾಗ ಕಣ್ಣ ಮುಂದೆ ಬೆಳಕಿನ ಮಿಣುಕು ಕಾಣಿಸಿತು. ಅನಂತರ ಸುಮಾರು ತೊಂಬತ್ತು ವರ್ಷಗಳಿಗೆ, 1985ರಲ್ಲಿ, ಇಂಗ್ಲೆಂಡಿನ ಷೆಫೀಲ್ಡ್ ನಗರದಲ್ಲಿ ಆಂಟನಿ ಬಾರ್ಕರ್ ಮತ್ತು ಅವನ ಸಂಗಡಿಗರು ತಲೆಯ ಮೇಲೆ ಒಂದು ಸುರುಳಿಯನ್ನು ಹಿಡಿದು, ಕ್ಷಣಮಾತ್ರ ಬಲವಾದ ವಿದ್ಯುತ್ತನ್ನು ಹರಿಸಿದರು. ಕೂಡಲೇ ಕೈ ತಾನಾಗಿ ಅಲುಗಿತು. ನೋವಿಲ್ಲದೆ, ಚರ್ಮವನ್ನು ಕೊಯ್ಯದೆ, ಮಿದುಳನ್ನು ಹೊರಗಿನಿಂದಲೇ ಪ್ರಚೋದಿಸುವ ದಾರಿ ತೆರೆಯಿತು.

ಈ ಸಾಧನದ ಕೆಲಸವನ್ನು ತಿಳಿಯುವುದು ಕಷ್ಟವಲ್ಲ. ತಂತಿಯ ಸುರುಳಿಯಲ್ಲಿ ವಿದ್ಯುತ್ತು ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಮೆ ಹೊತ್ತಿನಲ್ಲಿ ಏರಿ ಇಳಿಯುತ್ತದೆ. ಅದರೊಡನೆ ಕಾಂತಕ್ಷೇತ್ರವೂ ಏರಿ ಇಳಿಯುತ್ತದೆ. ತಲೆಬುರುಡೆಯು ಕಾಂತಕ್ಷೇತ್ರಕ್ಕೆ ಅಡ್ಡಿಯಾಗುವುದಿಲ್ಲ. ಬುರುಡೆಯ ಒಳಗೆ ಎರಡು ಮೂರು ಸೆಂಟಿಮೀಟರ್ ಆಳದವರೆಗೆ, ಮಿದುಳಿನ ಹೊರಪದರದಲ್ಲಿ ವಿದ್ಯುತ್ತು ಹುಟ್ಟಿ ನರಕೋಶಗಳು ಎಚ್ಚರಗೊಳ್ಳುತ್ತವೆ. 1831ರ ಕಬ್ಬಿಣದ ಬಳೆಯ ಒಂದು ಪಾರ್ಶ್ವದ ಸುರುಳಿಯ ಸ್ಥಾನದಲ್ಲಿ ಈ ಸಾಧನವಿದೆ. ಇನ್ನೊಂದು ಪಾರ್ಶ್ವದ ಸುರುಳಿಯ ಸ್ಥಾನದಲ್ಲಿ ಮನುಷ್ಯನ ಮಿದುಳಿದೆ. ಅಯಸ್ಕಾಂತವನ್ನು ತಲೆಯ ಮೇಲೆ ಸುಮ್ಮನೆ ಇಟ್ಟುಕೊಂಡರೆ ಈ ಫಲ ದೊರೆಯದು. ಬದಲಾವಣೆಯೇ ಇದರ ಜೀವಾಳ.

ಈ ಕಾಂತ ಪ್ರಚೋದನೆಯನ್ನು ಖಿನ್ನತೆಯ ಚಿಕಿತ್ಸೆಗೆ ಬಳಸುವ ಪ್ರಯತ್ನಗಳು 1990ರ ದಶಕದಲ್ಲಿ ಮೊದಲಾದುವು. ಖಿನ್ನತೆಯೆಂದರೆ ಒಂದೆರಡು ದಿನದ ಬೇಸರವಲ್ಲ. ವಾರಗಟ್ಟಲೆ ಮನಸ್ಸಿಗೆ ಮಂಕು ಕವಿಯುತ್ತದೆ, ಊಟ ನಿದ್ರೆಗಳು ಕೆಡುತ್ತವೆ, ಯಾವ ಕೆಲಸದಲ್ಲಿಯೂ ಆಸಕ್ತಿ ಉಳಿಯುವುದಿಲ್ಲ, ಬಾಳೇ ಭಾರವೆನಿಸುತ್ತದೆ. 2015–16ರಲ್ಲಿ ನಮ್ಮ ದೇಶದ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಸುಮಾರು ಇಪ್ಪತ್ತು ಮಂದಿ ವಯಸ್ಕರಲ್ಲಿ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಇದಕ್ಕೆ ಗುರಿಯಾಗಿದ್ದರು. ಅವರಲ್ಲಿ ಬಹುಪಾಲಿನವರಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಈ ಸಮೀಕ್ಷೆಯನ್ನು ನಡೆಸಿದ್ದು ಬೆಂಗಳೂರಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ. ನಿಮ್ಹಾನ್ಸ್ ಎಂದು ಜನರ ಬಾಯಲ್ಲಿರುವ ಸಂಸ್ಥೆಯೇ ಇದು. ಮೈಸೂರು ಸಂಸ್ಥಾನದ ಹಳೆಯ ಮಾನಸಿಕ ಆಸ್ಪತ್ರೆಯೂ, 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಕೂಡಿ 1974ರಲ್ಲಿ ಇದು ರೂಪುಗೊಂಡಿತು. ಕಾಂತ ಪ್ರಚೋದನೆಯ ಚಿಕಿತ್ಸೆಯೂ ಸಂಶೋಧನೆಯೂ ಇಲ್ಲಿ ನಡೆಯುತ್ತಿವೆ.

ಖಿನ್ನತೆಗೆ ಮೊದಲು ಕೊಡುವ ಚಿಕಿತ್ಸೆ ಔಷಧ ಮತ್ತು ಆಪ್ತಸಮಾಲೋಚನೆ. ಇವುಗಳಿಂದ ಗುಣಕಾಣದವರಿಗೆ ಸಾಮಾನ್ಯವಾಗಿ ಕಾಂತ ಪ್ರಚೋದನೆಯನ್ನು ಯೋಚಿಸುತ್ತಾರೆ. ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು 2008ರಲ್ಲಿ ಇದಕ್ಕೆ ಒಪ್ಪಿಗೆ ನೀಡಿತು. ರೋಗಿಯು ಎಚ್ಚರವಾಗಿಯೇ ಕುರ್ಚಿಯಲ್ಲಿ ಕುಳಿತಿರುತ್ತಾನೆ. ಹಣೆಯ ಎಡಭಾಗಕ್ಕೆ ಸ್ವಲ್ಪ ಮೇಲೆ ಸುರುಳಿಯನ್ನಿರಿಸಿ, ಟಕಟಕನೆ ಸದ್ದಾಗುವಂತೆ ಕಾಂತದ ಮಿಡಿತಗಳನ್ನು ಕೊಡುತ್ತಾರೆ. ಅರಿವಳಿಕೆ ಬೇಕಿಲ್ಲ. ಕೆಲವರಿಗೆ ತಲೆನೋವು ಬರಬಹುದು. ಬಹು ಅಪರೂಪವಾಗಿ ಸೆಳವು ಬರಬಹುದು. ಸಾಮಾನ್ಯವಾಗಿ ವಾರಕ್ಕೆ ಐದು ದಿನದಂತೆ ನಾಲ್ಕರಿಂದ ಆರು ವಾರ ಇದು ನಡೆಯುತ್ತದೆ. ಹೀಗೆ ಚಿಕಿತ್ಸೆ ಪಡೆದವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಒಳ್ಳೆಯ ಸುಧಾರಣೆ ಕಾಣುತ್ತದೆ. ಉಳಿದವರಿಗೆ ಅಷ್ಟಾಗಿ ಕಾಣುವುದಿಲ್ಲ.

ಇಲ್ಲಿಯೇ ದೊಡ್ಡ ಪ್ರಶ್ನೆ ಏಳುತ್ತದೆ. ಗುಣ ಕಾಣುವವರು ಯಾರು, ಕಾಣದವರು ಯಾರು ಎಂಬುದನ್ನು ಮೊದಲೇ ತಿಳಿಯಬಹುದೆ? ಇದು ಕೇವಲ ವಿದ್ವಾಂಸರ ಕುತೂಹಲವಲ್ಲ. ಹೆಡತಲೆಯಂತಹ ಹಳ್ಳಿಯ ರೈತನೊಬ್ಬನು ಈ ಚಿಕಿತ್ಸೆಗಾಗಿ ನೂರೈವತ್ತು ಕಿಲೋಮೀಟರಿಗೂ ದೂರದ ಬೆಂಗಳೂರಿಗೆ ಬಂದನೆಂದು ಭಾವಿಸೋಣ. ಆರು ವಾರ ಹೊಲಗದ್ದೆಯ ಕೆಲಸವನ್ನು ಬಿಡಬೇಕು. ಮನೆಯವರೊಬ್ಬರು ಜೊತೆಗಿರಬೇಕು. ತಂಗಲು ನೆಲೆ ಬೇಕು. ಕೈಯಲ್ಲಿ ಹಣ ಬೇಕು. ಇದೆಲ್ಲಕ್ಕಿಂತ ಮಿಗಿಲಾಗಿ, ಈಗಾಗಲೇ ಎರಡು ಮೂರು ಔಷಧಗಳಿಂದ ಗುಣಕಾಣದೆ ಬಳಲಿದವನು ಮತ್ತೊಮ್ಮೆ ಆಸೆ ಇಟ್ಟುಕೊಂಡಿರುತ್ತಾನೆ. ಆ ಆಸೆ ಮುರಿದರೆ ಅವನ ಕತ್ತಲೆ ಇನ್ನೂ ದಟ್ಟವಾಗಬಹುದು. ಫಲ ದೊರೆಯಲಾರದೆಂದು ಮೊದಲೇ ತಿಳಿದರೆ ಅವನಿಗೆ ಒಗ್ಗುವ ಬೇರೆ ಚಿಕಿತ್ಸೆಯನ್ನು ತಡಮಾಡದೆ ಕೊಡಬಹುದು.

ಈ ಪ್ರಶ್ನೆಗೆ ಉತ್ತರವನ್ನು ಹಲವು ದಾರಿಗಳಲ್ಲಿ ಅರಸಲಾಗಿದೆ. ಹಲವು ಔಷಧಗಳಿಂದ ಗುಣಕಾಣದವರಿಗಿಂತ ಕೆಲವೇ ಔಷಧಗಳನ್ನು ಪಡೆದವರಲ್ಲಿಯೂ, ಬಹುಕಾಲದ ಕಾಯಿಲೆಗಿಂತ ಇತ್ತೀಚೆಗೆ ಬಂದ ಕಾಯಿಲೆಯಲ್ಲಿಯೂ ಹೆಚ್ಚು ಫಲ ಕಂಡುಬಂದಿದೆ. ಖಿನ್ನತೆಯೊಡನೆ ಭ್ರಮೆಗಳೂ ಇರುವವರಿಗೆ ಬೇರೆ ಚಿಕಿತ್ಸೆಯೇ ಮೇಲು. ಕೆಲವರು ಮಿದುಳಿನ ವಿದ್ಯುತ್ತರಂಗಗಳನ್ನು ಚಿಕಿತ್ಸೆಗೆ ಮುಂಚೆಯೇ ಅಳೆದು ಸೂಚನೆಗಳನ್ನು ಹುಡುಕಿದ್ದಾರೆ. ಮತ್ತೆ ಕೆಲವರು ಮಿದುಳಿನ ಚಿತ್ರಗಳನ್ನು ತೆಗೆದು ನೋಡಿದ್ದಾರೆ. ಸುರುಳಿಯನ್ನಿಡುವ ಹೊರಪದರದ ಪ್ರದೇಶಕ್ಕೂ, ದುಃಖಕ್ಕೆ ಸಂಬಂಧಿಸಿದ ಒಳಗಿನ ಒಂದು ಪ್ರದೇಶಕ್ಕೂ ತಕ್ಕಡಿಯ ಎರಡು ತಟ್ಟೆಗಳಂತಹ ಸಂಬಂಧವಿದೆ. ಒಂದರ ಚಟುವಟಿಕೆ ಏರಿದಾಗ ಇನ್ನೊಂದರದು ಇಳಿಯುತ್ತದೆ. ಸುರುಳಿಯನ್ನಿಟ್ಟ ಜಾಗದಲ್ಲಿ ಈ ವಿರುದ್ಧ ಸಂಬಂಧವು ಬಲವಾಗಿದ್ದಷ್ಟೂ ಫಲ ಉತ್ತಮವಾಗಿರುವುದೆಂದು 2012ರ ಒಂದು ಅಧ್ಯಯನವು ಸೂಚಿಸಿತು. ಯಾರಿಗೆ ಚಿಕಿತ್ಸೆ ಎಂಬುದರಷ್ಟೇ ತಲೆಯ ಯಾವ ಬಿಂದುವಿನಲ್ಲಿ ಚಿಕಿತ್ಸೆ ಎಂಬುದೂ ಮುಖ್ಯವೆಂದು ಇದರಿಂದ ತೋರಿತು.

ಇಲ್ಲಿ ಫ್ಯಾರಡೆಯ ಮೇಜು ನೆನಪಿಗೆ ಬರುತ್ತದೆ. ಗುಣವಾಗಬೇಕೆಂಬುದು ರೋಗಿಯ ಬಯಕೆ. ಗುಣಪಡಿಸಬೇಕೆಂಬುದು ವೈದ್ಯನ ಬಯಕೆ. ತನ್ನ ಊಹೆ ನಿಜವಾಗಬೇಕೆಂಬುದು ಸಂಶೋಧಕನ ಬಯಕೆ. ಮೂವರೂ ಪ್ರಾಮಾಣಿಕರೇ, ಆದರೂ ಮೂವರ ಕೈಗಳೂ ಮೇಜಿನ ಮೇಲಿವೆ. ಆದುದರಿಂದಲೇ ಈ ಚಿಕಿತ್ಸೆಯನ್ನು ಪರೀಕ್ಷಿಸುವಾಗ ಕೆಲವರಿಗೆ ನಿಜವಾದ ಸುರುಳಿಯನ್ನೂ, ಇನ್ನು ಕೆಲವರಿಗೆ ಸದ್ದು ಮಾಡಿದರೂ ಮಿದುಳನ್ನು ಮುಟ್ಟದ ಹುಸಿ ಸುರುಳಿಯನ್ನೂ ಬಳಸುತ್ತಾರೆ. ಯಾರಿಗೆ ಯಾವುದು ದೊರೆಯಿತೆಂಬುದು ರೋಗಿಗೂ ಅವನ ಸುಧಾರಣೆಯನ್ನು ಅಳೆಯುವವರಿಗೂ ತಿಳಿದಿರುವುದಿಲ್ಲ. ಹುಸಿ ಸುರುಳಿಯಿಂದಲೂ ಕೆಲವರು ಚೇತರಿಸಿಕೊಳ್ಳುತ್ತಾರೆ. ಇವರೆಡರ ನಡುವಣ ವ್ಯತ್ಯಾಸವೇ ಸುರುಳಿಯ ನಿಜವಾದ ಗುಣ.

ಫಲವನ್ನು ಮುಂಗಾಣುವ ವಿಧಾನಗಳಿಗೂ ಇದೇ ಕಟ್ಟುಪಾಡು ಬೇಕು. 2017ರಲ್ಲಿ ಸಾವಿರಕ್ಕೂ ಹೆಚ್ಚು ಮಂದಿಯ ಮಿದುಳಿನ ಚಿತ್ರಗಳನ್ನು ಪರಿಶೀಲಿಸಿದ ಒಂದು ತಂಡವು ಖಿನ್ನತೆಯಲ್ಲಿ ನಾಲ್ಕು ಬಗೆಗಳಿವೆಯೆಂದೂ, ಯಾವ ಬಗೆಯವರಿಗೆ ಕಾಂತ ಪ್ರಚೋದನೆ ಒಗ್ಗುವುದೆಂದು ಹೇಳಬಹುದೆಂದೂ ಪ್ರಕಟಿಸಿತು. ಜಗತ್ತಿನಲ್ಲೆಲ್ಲ ಭರವಸೆ ಮೂಡಿತು. 2019ರಲ್ಲಿ ಬೇರೊಂದು ತಂಡವು ಬೇರೆ ರೋಗಿಗಳಲ್ಲಿ ಅದೇ ಕ್ರಮವನ್ನು ಅನುಸರಿಸಿದಾಗ, ಆ ನಾಲ್ಕು ಬಗೆಗಳಿಗೆ ಗಟ್ಟಿಯಾದ ಆಧಾರ ದೊರೆಯಲಿಲ್ಲ. ಒಂದು ಗುಂಪಿನಲ್ಲಿ ಕಂಡ ಗುರುತು ಕಾಣದ ಇನ್ನೊಂದು ಗುಂಪಿನಲ್ಲಿಯೂ ಕಂಡರೆ ಮಾತ್ರ ಅದನ್ನು ನಂಬಬೇಕು. ಹಾಗೆ ನಂಬಿ, ನಿತ್ಯದ ಚಿಕಿತ್ಸೆಯಲ್ಲಿ ಬಳಸಬಹುದಾದ ಖಚಿತ ಪರೀಕ್ಷೆ ಇನ್ನೂ ದೊರೆತಿಲ್ಲ. ಅದುವರೆಗೆ ವೈದ್ಯರು ರೋಗಿಯ ಹಿಂದಿನ ಸಂಗತಿಗಳನ್ನು ತೂಗಿನೋಡಿ ಚಿಕಿತ್ಸೆಯನ್ನು ಆರಂಭಿಸುತ್ತಾರೆ. ವಾರವಾರವೂ ಅವನ ಸ್ಥಿತಿಯನ್ನು ಗಮನಿಸುತ್ತಾರೆ. ಮೊದಲ ಎರಡು ವಾರಗಳಲ್ಲಿ ಸ್ವಲ್ಪವೂ ಚೇತರಿಕೆ ಕಾಣದಿದ್ದರೆ ಮುಂದೆಯೂ ಕಾಣುವ ಸಂಭವ ಕಡಮೆ. ಆದರೂ ತಡವಾಗಿ ಗುಣಮುಖರಾಗುವವರೂ ಇದ್ದಾರೆ. ಈ ಸತ್ಯವನ್ನು ಮರೆಮಾಚದೆ ರೋಗಿಗೆ ತಿಳಿಸುವ ವೈದ್ಯನೇ ಅವನಿಗೆ ನಿಜವಾದ ಆಸರೆ.

ಉತ್ತರವು ಸುಲಭವಾಗಿ ದೊರೆಯಲಿಲ್ಲವೆಂದು ಎದೆಗುಂದಬೇಕಾಗಿಲ್ಲ. ಅಯಸ್ಕಾಂತದಿಂದ ವಿದ್ಯುತ್ತನ್ನು ಪಡೆಯಲು ಫ್ಯಾರಡೆಗೂ ಹತ್ತು ವರ್ಷ ಹಿಡಿಯಿತು. ಸೋತಾಗ ಸೋತೆನೆಂದು ಬರೆದುಕೊಂಡನು, ಮತ್ತೆ ಪ್ರಯತ್ನಿಸಿದನು, ಸೂಜಿ ಅಲುಗಿದ ಕ್ಷಣದಲ್ಲಿ ಅದನ್ನು ಕಂಡನು. ನಮ್ಮ ಕಾಲದ ಸಂಶೋಧಕರು ನೋಡುತ್ತಿರುವ ಸೂಜಿ ಇನ್ನೂ ಸೂಕ್ಷ್ಮವಾದುದು; ಅದು ಮನುಷ್ಯನ ಮನಸ್ಸು. ಅದು ಯಾವಾಗ, ಯಾರಲ್ಲಿ, ಏಕೆ ಬೆಳಕಿನ ಕಡೆಗೆ ತಿರುಗುವುದೆಂದು ಅರಿಯಲು ಅದೇ ತಾಳ್ಮೆ ಬೇಕು, ಅದೇ ಪ್ರಾಮಾಣಿಕತೆ ಬೇಕು. ಸಂಜೆ ಮನೆಯ ದೀಪವನ್ನು ಹಚ್ಚುವಾಗ ಆ ಕಮ್ಮಾರನ ಮಗನನ್ನು ಒಮ್ಮೆ ನೆನೆಯೋಣ. ಮನಸ್ಸಿನ ದೀಪ ಮಂಕಾದವರು ನಮ್ಮ ಸುತ್ತಮುತ್ತ ಇದ್ದರೆ, ಅವರನ್ನು ಹಳಿಯದೆ ವೈದ್ಯರ ಬಳಿಗೆ ಕರೆದೊಯ್ಯೋಣ.

ಅಭ್ಯಾಸ

1. ಫ್ಯಾರಡೆಯು ಪುಸ್ತಕದ ಅಂಗಡಿಯಲ್ಲಿದ್ದಾಗ ವಿಜ್ಞಾನವನ್ನು ಹೇಗೆ ಕಲಿತನು?
2. 1831ರ ಆಗಸ್ಟ್ 29ರ ಪ್ರಯೋಗವನ್ನು ವಿವರಿಸಿರಿ. ಅದರಿಂದ ಸಿದ್ಧವಾದ ತತ್ತ್ವ ಯಾವುದು?
3. ಕೊಲಾಡನ್ನನಿಗೆ ಕಾಣದಿದ್ದುದು ಫ್ಯಾರಡೆಗೆ ಹೇಗೆ ಕಂಡಿತು?
4. ಮೇಜು ತಿರುಗಿಸುವವರ ವಿಷಯದಲ್ಲಿ ಫ್ಯಾರಡೆ ಮಾಡಿದ ಪರೀಕ್ಷೆಗೂ ಹುಸಿ ಸುರುಳಿಯ ಬಳಕೆಗೂ ಇರುವ ಹೋಲಿಕೆಯೇನು?
5. ಕಾಂತ ಪ್ರಚೋದನೆಯ ಫಲವನ್ನು ಮೊದಲೇ ತಿಳಿಯುವುದು ರೋಗಿಗೆ ಏಕೆ ಮುಖ್ಯ? ನಿಮ್ಮ ಮಾತುಗಳಲ್ಲಿ ಬರೆಯಿರಿ.